ಒಂಬತ್ತನೇ ಪುಟದ ಚೀಟಿ

ದೇಶದ ಹಿರಿಯ ನಾಯಕರು ತೀರಿಕೊಂಡಿದ್ದು ತಿಂಗಳ ಎರಡನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆಗೆ. ಸಂಪಾದಕರ ಮದುವೆಯ ಸುದ್ದಿ ಅಚ್ಚಾಗಿದ್ದು ಒಂದನೇ ತಾರೀಖು, ಸಂಜೆ ಐದು ಗಂಟೆಗೆ. ನಡುವೆ ಹದಿನೇಳು ಗಂಟೆ. ತೊಂಬತ್ತೊಂದು ವರ್ಷ ಬದುಕಿದ ಆ ಮಹಾನುಭಾವರು ಇನ್ನೊಂದು ಹದಿನೈದು ದಿನ ತಡೆದುಕೊಂಡಿದ್ದರೆ ಯಾರ ಗಂಟು ಹೋಗುತ್ತಿತ್ತು ಅಂತ ಸಂಪಾದಕರಿಗೆ ಅನಿಸಿತು. ಅನಿಸಿದ ಕೂಡಲೇ ಕೆನ್ನೆ ಕೆನ್ನೆ ಬಡಿದುಕೊಂಡರು. (ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಆದರೂ ಬಡಿದುಕೊಂಡರು. ತಪ್ಪು ತಪ್ಪೇ.)

ಸಂಪಾದಕರು ಅಂದರೆ ದೊಡ್ಡ ದಿನಪತ್ರಿಕೆಯವರು ಅಂದುಕೊಳ್ಳಬೇಡಿ. ಬೀಗ ಮಾಡುವವರು, ಬೀಗ ರಿಪೇರಿಯವರು, ತಿಜೋರಿ ತಯಾರಕರು ಇವರಿಗಾಗಿಯೇ ಹೊರಡುವ ಹದಿನಾರು ಪುಟದ ಮಾಸಪತ್ರಿಕೆ ಅದು. ಮೂವತ್ತೊಂದು ವರ್ಷದಿಂದ ನಡೆಯುತ್ತಿದೆ. ಅದಕ್ಕೆ ಪ್ರಕಾಶಕರು ಅವರೇ, ಸಂಪಾದಕರು ಅವರೇ, ತಪ್ಪು ತಿದ್ದುವವರು ಅವರೇ, ತಪ್ಪು ಮಾಡುವವರೂ ಅವರೇ. ಪ್ರೆಸ್ಸಿನವರು ಹಾಳೆ ಅಚ್ಚು ಮಾಡಿ ಕೊಡುತ್ತಾರೆ. ಮಡಚುವುದು, ಪಿನ್ನು ಹೊಡೆಯುವುದು, ವಿಳಾಸ ಅಂಟಿಸುವುದು, ಚೀಲ ಹೊತ್ತು ಅಂಚೆ ಕಚೇರಿಗೆ ಹೋಗುವುದು ಎಲ್ಲ ಇವರದೇ. ಚಂದಾದಾರರು ಸಾವಿರದ ನೂರ ಮೂವತ್ತೊಂಬತ್ತು. ಒಂದನೇ ತಾರೀಖಿನ ಪತ್ರಿಕೆ ಅವರ ಕೈಗೆ ಹೋಗುವಾಗ ಹದಿನೆಂಟೋ ಇಪ್ಪತ್ತೋ ಆಗಿರುತ್ತದೆ. ಯಾರೂ ಬೈಯುವುದಿಲ್ಲ. ಬೀಗದ ಸುದ್ದಿಗೆ ಅಷ್ಟೊಂದು ಅವಸರ ಯಾರಿಗಿದೆ?

ಹೆಂಡತಿ ತೀರಿ ಏಳು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಬೀಗದ ಪತ್ರಿಕೆ ನಡೆಸುವ ಮನುಷ್ಯನಿಗೆ ಬೀಗರು ಅಂತ ಹೇಳಿಕೊಳ್ಳುವವರು ಒಬ್ಬರೂ ಇರಲಿಲ್ಲ. ಮುಂದಿನ ಕೋಣೆ ಕಚೇರಿ, ಹಿಂದಿನದು ಅಡುಗೆಮನೆ, ನಡುವೆ ಒಂದು ಬಾಗಿಲು. ಬೆಳಿಗ್ಗೆ ಎದ್ದು ಆ ಬಾಗಿಲು ದಾಟಿದರೆ ಕಚೇರಿ, ಮಧ್ಯಾಹ್ನ ಈ ಕಡೆ ದಾಟಿದರೆ ಮನೆ. ಎರಡೂ ಕಡೆ ಮಾತಾಡುವವರು ಅವರೊಬ್ಬರೇ.

ಎರಡು ಬೀದಿ ಆಚೆ ಹೊಲಿಗೆಯಮ್ಮನ ಅಂಗಡಿ. ಆಕೆಯ ಗಂಡ ಹೋಗಿ ಹನ್ನೊಂದು ವರ್ಷ. ಐವತ್ತೇಳರ ಹೆಂಗಸು, ದಾರ ಪೋಣಿಸುವಾಗ ಮಾತ್ರ ಕನ್ನಡಕ, ಮನುಷ್ಯರನ್ನು ಅಳೆಯುವುದಕ್ಕೆ ಬರಿಗಣ್ಣೇ ಸಾಕು. ಸಂಪಾದಕರ ಅಂಗಿಯ ಗುಂಡಿಗಳು ಎರಡು ವರ್ಷದಿಂದ ವಾರಕ್ಕೊಂದರಂತೆ ಉದುರುತ್ತಿದ್ದವು. (ಗುಂಡಿ ತಾನಾಗಿ ಉದುರುವುದು ಬೇರೆ, ಕತ್ತರಿಯಿಂದ ಉದುರುವುದು ಬೇರೆ. ದಾರದ ತುದಿ ನೋಡಿದರೆ ಹೊಲಿಗೆಯವರಿಗೆ ಗೊತ್ತಾಗುತ್ತದೆ. ಆಕೆ ಎರಡು ವರ್ಷ ಏನೂ ಹೇಳಲಿಲ್ಲ.)

ಕೊನೆಗೊಂದು ದಿನ ಸಂಪಾದಕರು ಧೈರ್ಯ ಮಾಡಿ ಕೇಳಿಯೇಬಿಟ್ಟರು. ಆಕೆ ಗುಂಡಿ ಹಚ್ಚಿ ಮುಗಿಸಿ, ದಾರ ಹಲ್ಲಿನಲ್ಲಿ ಕಡಿದು, ಆಮೇಲೆ ಬಾಯಿಬಿಟ್ಟಳು.

"ನೋಡಿ ಸಂಪಾದಕರೇ, ಕದ್ದು ಮುಚ್ಚಿ ಏನೂ ಬೇಡ. ಬೀದಿಯವರೆಲ್ಲ ನಿಮ್ಮ ಗುಂಡಿ ಎಣಿಸೋಕೆ ಶುರು ಮಾಡಿದಾರೆ. ನಿಮ್ಮ ಪತ್ರಿಕೆಯಲ್ಲಿ 'ನಮ್ಮ ಬಳಗ' ಅಂತ ಹಾಕ್ತೀರಲ್ಲ, ಯಾರ ಮಗಳ ಮದುವೆ, ಯಾರ ಮೊಮ್ಮಗನ ಹುಟ್ಟು ಅಂತ, ಅದರಲ್ಲಿ ನಮ್ಮದೂ ಹಾಕಿ. ಎಲ್ಲರಿಗೂ ಬರೋ ಹಾಗೆ ನನಗೂ ಅಂಚೆಯಲ್ಲೇ ಬರಲಿ. ಅಚ್ಚಾಗಿದ್ದು ಕಣ್ಣಾರೆ ನೋಡಿದ ಮೇಲೆ ನನ್ನ ಒಪ್ಪಿಗೆ."

"ಅಷ್ಟೇ ತಾನೇ?"

"ಅಷ್ಟೇ. ಆದರೆ ಈ ತಿಂಗಳ ಸಂಚಿಕೆಯಲ್ಲೇ ಆಗಬೇಕು. ನನ್ನ ತಮ್ಮ ಅವನ ಊರಿಗೆ ಬಾ ಅಂತ ಒಂದು ವರ್ಷದಿಂದ ಜೀವ ತಿಂತಿದಾನೆ. ಇಪ್ಪತ್ತೈದಕ್ಕೆ ಗಾಡಿ ತರ್ತೀನಿ ಅಂದಿದಾನೆ. ನಿಮ್ಮ ಪತ್ರಿಕೆ ಬಂದರೆ ಗಾಡಿ ಬೇಡ ಅಂತೀನಿ. ಬರದಿದ್ರೆ ಹತ್ತಿ ಕೂತ್ಕೋತೀನಿ."

ಇದು ವಿಷಯ. ಸಂಪಾದಕರು ಸುದ್ದಿ ಬರೆದರು. ಒಂಬತ್ತನೇ ಪುಟದಲ್ಲಿ, ನಟ್ಟನಡುವೆ, ಸುತ್ತಲೂ ಹೂಬಳ್ಳಿಯ ಅಂಚು. ಒಳಗಿನ ಹಾಳೆಗಳನ್ನು ಮೊದಲು ಅಚ್ಚು ಹಾಕಿ, ಮುಖಪುಟದ ಹಾಳೆಯನ್ನು ಕೊನೆಗೆ ಹಾಕುವುದು ಪ್ರೆಸ್ಸಿನ ಪದ್ಧತಿ. ಹಾಗಾಗಿ ಒಂಬತ್ತನೇ ಪುಟ, ಹೊಲಿಗೆಯಮ್ಮನದೂ ಸೇರಿ ಸಾವಿರದ ನೂರ ನಲವತ್ತು ಪ್ರತಿ, ಒಂದನೇ ತಾರೀಖು ಸಂಜೆಯೇ ಮನೆ ಸೇರಿತ್ತು. ಮಾರನೇ ದಿನ ರೇಡಿಯೋದಲ್ಲಿ ಹಾಡು ನಿಂತು ಬರೀ ಪಿಟೀಲು ಶುರುವಾಯಿತು.

ಹನ್ನೊಂದು ಗಂಟೆಗೆ ಬೀಗ ತಯಾರಕರ ಸಂಘದ ಅಧ್ಯಕ್ಷರ ಫೋನು. ತಿಜೋರಿ ಮಾಡುವ ಮನುಷ್ಯ. ದನಿಯೂ ತಿಜೋರಿಯ ಒಳಗಿಂದ ಬಂದ ಹಾಗೆ.

"ಸಂಪಾದಕರೇ, ತಿಂಗಳು ಪೂರ್ತಿ ಶೋಕ. 'ನಮ್ಮ ಬಳಗ'ದಲ್ಲಿ ಮದುವೆ ಮುಂಜಿ ಯಾವುದೂ ಇಲ್ಲ ತಾನೇ?"

"ಮದುವೆಯಾ? ಯಾರ ಮದುವೆ? ಈ ಕಾಲದಲ್ಲಿ ಯಾರು ಆಗ್ತಾರೆ!" ಅಂದರು ಸಂಪಾದಕರು, ಒಂಬತ್ತನೇ ಪುಟದ ಕಟ್ಟಿಗೆ ಬೆನ್ನು ತಿರುಗಿಸಿ.

"ಒಳ್ಳೇದಾಯ್ತು. ಹಿಂದಿನ ಸಲ ಹೀಗೇ ಶೋಕ ಬಂದಾಗ ನನ್ನ ಮಗಳ ಮದುವೆ ಸುದ್ದಿ ನೀವು ಹಾಕಲಿಲ್ಲ. ನೆನಪಿದೆಯಾ? 'ದೇಶ ಕಣ್ಣೀರಿಡುವಾಗ ನಮ್ಮ ಬಳಗ ಹಲ್ಲು ಕಿರಿಯಬಾರದು' ಅಂತ ನನಗೇ ಕಾಗದ ಬರೆದಿದ್ರಿ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೀನಿ. ದಿನಾ ನೋಡ್ತೀನಿ."

ಬೇರೆಯವರು ಕಟ್ಟಿದ ಗೋಡೆಯಾಗಿದ್ದರೆ ಸುತ್ತು ಹಾಕಿ ಹೋಗಬಹುದಿತ್ತು. ಇದು ತಾವೇ ಕಟ್ಟಿದ ನಿಯಮ, ಬಾಗಿಲೂ ಇಟ್ಟಿರಲಿಲ್ಲ.

ಪ್ರೆಸ್ಸಿಗೆ ಓಡಿದರು. ಪ್ರೆಸ್ಸಿನ ಯಜಮಾನರು ಬಾಗಿಲು ಎಳೆಯುತ್ತಿದ್ದರು. ಒಂದು ವಾರ ರಜ. ಪುಟ ಮತ್ತೆ ಅಚ್ಚು ಹಾಕಲು ಕಾಗದವೂ ಇಲ್ಲ, ಕೆಲಸದವರೂ ಇಲ್ಲ. ಗೋಗರೆದ ಮೇಲೆ ಅವರು ಒಂದು ಉಪಕಾರ ಮಾಡಿದರು: ನಾಲ್ಕು ಬೆರಳು ಅಗಲ, ಆರು ಬೆರಳು ಉದ್ದದ ಕಪ್ಪು ಅಂಚಿನ ಶೋಕದ ಚೀಟಿ, ಸಾವಿರದ ನೂರ ನಲವತ್ತು. ಅದನ್ನು ಸುದ್ದಿಯ ಮೇಲೆ ಅಂಟಿಸಿಬಿಡುವುದು.

ತಮ್ಮ ಮದುವೆಯನ್ನು ತಮ್ಮ ಕೈಯಾರೆ ಮುಚ್ಚುವ ಕೆಲಸಕ್ಕೆ ಸಂಪಾದಕರು ಕೂತರು. ನಾಲ್ಕು ದಿನ ಬೇಕಾಯಿತು. ಮೈದಾಹಿಟ್ಟಿನ ಅಂಟು ಕಾಯಿಸಿ, ಬೇಕೆಂದೇ ತೆಳ್ಳಗೆ ಮಾಡಿಕೊಂಡರು. ಶೋಕ ಮುಗಿದ ಮೇಲೆ ಯಾರಿಗಾದರೂ ಮನಸ್ಸಾದರೆ ಬಿಡಿಸಿ ನೋಡಲಿ ಅಂತ ಆಸೆ. ಬೀದಿಯಲ್ಲಿ ಮಾತಿಲ್ಲ, ಮಕ್ಕಳ ಗಲಾಟೆಯಿಲ್ಲ, ಧ್ವಜ ಅರ್ಧಕ್ಕೆ ಇಳಿದಿದೆ. ದೇಶಕ್ಕೆ ದೇಶವೇ ಸಂಪಾದಕರ ಮನೆಯ ಹಾಗೆ ಆಗಿತ್ತು. ಏಳು ವರ್ಷದಿಂದ ಈ ಸದ್ದಿಲ್ಲದ ಮಧ್ಯಾಹ್ನ ತಮ್ಮೊಬ್ಬರಿಗೇ ಸೇರಿದ್ದು ಅಂದುಕೊಂಡಿದ್ದರು. ಈಗ ಅದು ಎಲ್ಲರಿಗೂ ಹಂಚಿಹೋಗಿತ್ತು. ಅದರಿಂದ ಇವರ ಪಾಲೇನೂ ಕಮ್ಮಿಯಾಗಲಿಲ್ಲ.

ಎರಡನೇ ದಿನ, 'ಚೀಟಿ ಇದೆ, ಕೆಳಗೆ ನಮ್ಮ ಸುದ್ದಿ ಇದೆ, ಬಿಡಿಸಿ ನೋಡಿ' ಅಂತ ಹೇಳಿ ಬರೋಣ ಎಂದು ಹೊಲಿಗೆ ಅಂಗಡಿಗೆ ಹೋದರು. ಅಲ್ಲಿ ನೋಡಿದರೆ ಸಾಲು. ತೋಳಿಗೆ ಕಟ್ಟುವ ಕಪ್ಪು ಪಟ್ಟಿಗೆ ಇಡೀ ಪೇಟೆ ಅಲ್ಲಿ ನಿಂತಿತ್ತು. ಸಂಪಾದಕರೂ ಸಾಲಿನಲ್ಲಿ ನಿಂತರು. ಮುಕ್ಕಾಲು ಗಂಟೆ ಆದ ಮೇಲೆ ಸರದಿ ಬಂತು.

"ತೋಳು ಕೊಡಿ," ಅಂದಳು ಹೊಲಿಗೆಯಮ್ಮ, ತಲೆ ಎತ್ತದೆ.

"ನಾನು ಪಟ್ಟಿಗೆ ಬಂದಿದ್ದಲ್ಲ. ಒಂದು ಮಾತು..."

"ಮಾತು ಆಮೇಲೆ. ಹಿಂದೆ ಮೇಷ್ಟ್ರು ಶಾಲೆಗೆಲ್ಲ ನಲವತ್ತು ಪಟ್ಟಿ ಬೇಕು ಅಂತ ನಿಂತಿದಾರೆ. ತೋಳು." ಅಳತೆ ಟೇಪು ಸುತ್ತಿದಳು. ಆಗ ತಲೆ ಎತ್ತಿದಳು. "ಇದೇನು, ಅರ್ಧ ಇಂಚು ಇಳಿದಿದೆ? ಊಟ ಮಾಡ್ತೀರೋ ಇಲ್ವೋ?"

"ಮಾಡ್ತೀನಿ. ನಿಂತ್ಕೊಂಡೇ ಮಾಡ್ಬಿಡ್ತೀನಿ. ಒಬ್ಬನೇ ತಾನೇ."

"ಅಮ್ಮಾ, ಅವರ ಊಟದ ವಿಚಾರ ಆಮೇಲೆ ಕೇಳಿ," ಅಂದರು ಹಿಂದಿದ್ದ ಮೇಷ್ಟ್ರು. "ನನಗೂ ಹೊಟ್ಟೆ ಇದೆ."

ಸಂಪಾದಕರು ಹೇಳಬೇಕಾದ್ದನ್ನು ನುಂಗಿಕೊಂಡು, ತೋಳಿಗೆ ಕಪ್ಪು ಪಟ್ಟಿ ಕಟ್ಟಿಸಿಕೊಂಡು ವಾಪಸು ಬಂದರು. ಬುದ್ಧಿವಂತೆ, ತಾನೇ ತಿಳಿದುಕೊಳ್ಳುತ್ತಾಳೆ ಅಂತ ಸಮಾಧಾನ ಮಾಡಿಕೊಂಡರು. ಆಕೆಯ ಪ್ರತಿಗೆ ಮಾತ್ರ ವಿಶೇಷ ಏರ್ಪಾಟು: ಮೂರು ಮೂಲೆಗೆ ಸಾಸಿವೆಯಷ್ಟು ಅಂಟು, ನಾಲ್ಕನೇ ಮೂಲೆ ಸಡಿಲ. ಉಗುರು ತಾಗಿದರೆ ಸಾಕು, ಎದ್ದು ಬರುವ ಹಾಗೆ.

ಪ್ರೆಸ್ಸು ತೆರೆಯಿತು. ಹೊರಹಾಳೆ ಅಚ್ಚಾಯಿತು. ಹನ್ನೆರಡಕ್ಕೆ ಪತ್ರಿಕೆ ಅಂಚೆಗೆ ಬಿತ್ತು. ಇಷ್ಟು ಬೇಗ ಯಾವತ್ತೂ ಬಿದ್ದಿರಲಿಲ್ಲ.

ಹದಿನಾಲ್ಕು, ಹದಿನೈದು, ಹದಿನಾರು. ಹೊಲಿಗೆಯಮ್ಮನಿಂದ ಉತ್ತರವಿಲ್ಲ. ತಾವಾಗಿ ಹೋಗಿ ಕೇಳಲು ಸಂಪಾದಕರಿಗೆ ಎದೆಯಿಲ್ಲ. ಹದಿನೇಳಕ್ಕೆ ಕಾಗದಗಳು ಬರತೊಡಗಿದವು, ಎಲ್ಲ ಚಂದಾದಾರರದು. ಮೊದಲನೆಯದನ್ನು ಒಡೆದರು. "ಹಿರಿಯರ ಅಗಲಿಕೆಯಿಂದ ತುಂಬಲಾರದ ನಷ್ಟವಾಗಿದೆ. ನಮ್ಮ ಕಾರ್ಖಾನೆಯಲ್ಲಿ ಒಂದು ನಿಮಿಷ ಮೌನ ಆಚರಿಸಿದೆವು. ಇತಿ. ಮರೆತಿದ್ದೆ, ಐದನೇ ತಾರೀಖು ಎಂಬುದು ಮುಂದಿನ ತಿಂಗಳಿಂದಲೇ ಅಲ್ಲವೇ?"

ಎರಡನೆಯದು: "ದೇಶ ಅನಾಥವಾಗಿದೆ. ಮಾತು ಹೊರಡುತ್ತಿಲ್ಲ. ಐದರೊಳಗೆ ಅಂದರೆ ಐದೂ ಸೇರಿಯೋ, ನಾಲ್ಕಕ್ಕೇ ಕೊನೆಯೋ ತಿಳಿಸುವುದು."

ಸಂಪಾದಕರು ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿದರು. ಐದನೇ ತಾರೀಖಿನ ಮಾತು ಪತ್ರಿಕೆಯಲ್ಲಿ ಇದ್ದದ್ದು ಒಂದೇ ಕಡೆ, ಚೀಟಿಯ ಕೆಳಗೆ. ಮದುವೆ ಸುದ್ದಿಯಲ್ಲಿ ಚಂದಾದಾರರಿಗೂ ಏನಾದರೂ ಅನುಕೂಲ ಇರಲಿ ಎಂದು ಕೊನೆಗೊಂದು ವಾಕ್ಯ ಸೇರಿಸಿದ್ದರು. ಹಾಗಾದರೆ ಎಲ್ಲರೂ ಬಿಡಿಸಿ ನೋಡಿದ್ದಾರೆ! ಬಿಡಿಸದೆ ಏನು ಮಾಡುತ್ತಾರೆ? ಮುಚ್ಚಿದ್ದನ್ನು ಕಂಡರೆ ಕೈ ಸುಮ್ಮನಿರದ ಜನಕ್ಕೆ ಮುಚ್ಚಿದ ಪುಟ ಕಳಿಸಿದ್ದರು. ಒಬ್ಬರು ಕೆಟಲಿನ ಹಬೆ ಹಿಡಿದಿರಬೇಕು, ಇನ್ನೊಬ್ಬರು ತೆಳು ತಗಡು ತೂರಿಸಿರಬೇಕು. ಆದರೆ ಬಿಡಿಸಿ ನೋಡಿದೆ ಅಂತ ಒಪ್ಪಿಕೊಳ್ಳುವುದು ಹೇಗೆ? ಶೋಕದಲ್ಲಿ ಶುಭಾಶಯ ಹೇಳುವುದು ಹೇಗೆ? ಹಾಗಾಗಿ ನೂರಾ ಆರು ಕಾಗದ ಬಂದರೂ ಸಂಪಾದಕರಿಗೆ ಒಂದಾದರೂ 'ಶುಭವಾಗಲಿ' ಸಿಗಲಿಲ್ಲ. ಹುಡುಕಿದರು, ಹಿಂದು ಮುಂದು ತಿರುಗಿಸಿ ಹುಡುಕಿದರು.

ಇರಲಿ. ಇಷ್ಟು ಜನ ಓದಿದ ಮೇಲೆ ಆಕೆಯೂ ಓದಿರಲೇಬೇಕು. ಇಪ್ಪತ್ನಾಲ್ಕರ ಮಧ್ಯಾಹ್ನ ಗಡ್ಡ ಹೆರೆದುಕೊಂಡು, ಎಲ್ಲ ಗುಂಡಿಯೂ ಇರುವ ಅಂಗಿ ಹಾಕಿ ಹೊರಟರು.

ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕೆ ಹಳೇ ರಗ್ಗು ಸುತ್ತಿ ಹಗ್ಗ ಬಿಗಿದಿತ್ತು. ನೂಲಿನ ಉಂಡೆಗಳೆಲ್ಲ ಡಬ್ಬಿಯೊಳಗೆ.

"ಇದೇನು ಇದು?"

"ನಾಳೆ ಇಪ್ಪತ್ತೈದು."

"ಪತ್ರಿಕೆ ಬರಲಿಲ್ವಾ?"

"ಬಂತು. ಒಂಬತ್ತನೇ ಪುಟ ನಾಲ್ಕು ಸಲ ಓದಿದೆ. ಶೋಕ ಚೆನ್ನಾಗಿ ಬರೆದಿದೀರಿ." ಆಕೆ ಇನ್ನೊಂದು ಗಂಟು ಬಿಗಿದಳು. "ಮನಸ್ಸಿಲ್ಲ ಅಂದಿದ್ರೆ ಬಾಯಲ್ಲೇ ಹೇಳಬಹುದಿತ್ತು. ಅದಕ್ಕೆ ದೊಡ್ಡವರು ಸಾಯೋವರೆಗೂ ಕಾಯಬೇಕಿರಲಿಲ್ಲ."

"ಅಯ್ಯೋ, ಅದರ ಕೆಳಗಿದೆ! ಚೀಟಿ ಕೆಳಗೆ! ಒಂದು ಮೂಲೆ ನಿಮಗೋಸ್ಕರ ಬಿಟ್ಟಿದ್ದೆ, ನೋಡಲಿಲ್ವಾ?"

ಹೊಲಿಗೆಯಮ್ಮ ಒಳಗೆ ಹೋಗಿ ಪತ್ರಿಕೆ ತಂದು ಮುಂದೆ ಹಿಡಿದಳು. ಶೋಕದ ಚೀಟಿಯ ನಾಲ್ಕೂ ಅಂಚಿಗೆ ಕಪ್ಪು ದಾರದಲ್ಲಿ, ಒಂದರ ಪಕ್ಕ ಒಂದು, ಅಕ್ಕಿಕಾಳಿಗಿಂತ ಸಣ್ಣ ಹೊಲಿಗೆ. ಅಂಥ ಹೊಲಿಗೆ ರೇಷ್ಮೆಗೂ ಹಾಕುವುದಿಲ್ಲ.

"ಮೂಲೆ ಎದ್ದಿತ್ತು," ಅಂದಳು. "ಎದ್ದ ಅಂಚು ನನಗೆ ನೋಡೋಕಾಗಲ್ಲ. ಇವರ ಕೆಲಸ ಯಾವಾಗಲೂ ಅರ್ಧಂಬರ್ಧ ಅಂದ್ಕೊಂಡು ನಾನೇ ಹೊಲಿದೆ."

ಸಾವಿರದ ನೂರ ಮೂವತ್ತೊಂಬತ್ತು ಜನ ಮುಚ್ಚಿದ್ದನ್ನು ತೆರೆದಿದ್ದರು. ತೆರೆಯಲಿ ಅಂತ ಬಿಟ್ಟಿದ್ದ ಒಂದೇ ಒಂದನ್ನು ಈಕೆ ಮುಚ್ಚಿದ್ದಳು.

ಆಕೆ ಡಬ್ಬಿಯಿಂದ ಸಣ್ಣ ಕತ್ತರಿ ತೆಗೆದು, ಕನ್ನಡಕ ಹಾಕಿ, ಹೊಲಿಗೆ ಬಿಚ್ಚಲು ಕೂತಳು. ಒಂದೊಂದಾಗಿ. ಸಂಪಾದಕರು ನಿಂತೇ ಇದ್ದರು. ಕೂತುಕೊಳ್ಳಿ ಅಂತ ಆಕೆ ಹೇಳಲಿಲ್ಲ, ಕುರ್ಚಿಗಳನ್ನೂ ಕಟ್ಟಿಯಾಗಿತ್ತು. ಕೊನೆಗೆ ಚೀಟಿ ಎದ್ದು ಬಂತು. ಹೂಬಳ್ಳಿಯ ಅಂಚು ಕಂಡಿತು. ಆಕೆಯ ಮುಖ ಸ್ವಲ್ಪ ಮೆತ್ತಗಾಯಿತು. ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದಳು.

"ನಮ್ಮ ಪತ್ರಿಕೆಯ ಸಂಸ್ಥಾಪಕರೂ ಸಂಪಾದಕರೂ ಆದ ಶ್ರೀಯುತರು, ನಗರದ ಹೆಸರಾಂತ ಹೊಲಿಗೆ ಕಲಾವಿದೆಯವರನ್ನು ಸದ್ಯದಲ್ಲೇ ವಿವಾಹವಾಗಲಿದ್ದಾರೆಂದು ತಿಳಿಸಲು ಹರ್ಷಿಸುತ್ತೇವೆ." ಇಲ್ಲಿ ನಿಲ್ಲಿಸಿ, "ಕಲಾವಿದೆ," ಅಂದಳು. ನಗು ತುಟಿಯವರೆಗೂ ಬಂದಿತ್ತು.

"ಸಾಕು ಬಿಡಿ, ಉಳಿದಿದ್ದು ಅಂಥ ಮುಖ್ಯ ಅಲ್ಲ..."

"ಇರಿ. ಈ ವಿವಾಹದಿಂದಾಗಿ ಪತ್ರಿಕೆಯನ್ನು ಮಡಚುವ, ವಿಳಾಸ ಅಂಟಿಸುವ ಹಾಗೂ ಅಂಚೆಗೆ ಹಾಕುವ ಕೆಲಸದಲ್ಲಿನ ವಿಳಂಬ ನಿವಾರಣೆಯಾಗಿ, ಇನ್ನು ಮುಂದೆ ಸಂಚಿಕೆಯು ಪ್ರತಿ ತಿಂಗಳ ಐದನೇ ತಾರೀಖಿನೊಳಗೆ ಚಂದಾದಾರರ ಕೈ ಸೇರುವುದೆಂದು ಭರವಸೆ ನೀಡುತ್ತೇವೆ."

ನಗು ಬಂದ ದಾರಿಯಲ್ಲೇ ವಾಪಸು ಹೋಯಿತು.

"ನಿಮಗೆ ಬೇಕಾಗಿರೋದು ಹೆಂಡತಿನೋ, ಅಂಚೆ ಕೆಲಸದವಳೋ?"

"ಛೆ ಛೆ, ಅದು ಚಂದಾದಾರರಿಗೆ ಒಂದು... ಒಂದು ಭರವಸೆ..."

"ನನಗೇನು ಭರವಸೆ? ಸಾವಿರ ಜನಕ್ಕೆ ಐದನೇ ತಾರೀಖು ಕೊಟ್ರಿ. ನನಗೆ ಅಂಟಿನ ಡಬ್ಬಿ ಕೊಟ್ರಿ! ಇದಕ್ಕಿಂತ ಆ ಶೋಕವೇ ಚೆನ್ನಾಗಿತ್ತು. ಅದರಲ್ಲಾದರೂ ಒಂದಿಷ್ಟು ಪ್ರೀತಿ ಇತ್ತು."

"ನಾನು ಬೇರೆ ಬರೀತೀನಿ. ಮುಂದಿನ ಸಂಚಿಕೆಗೆ. ಶೋಕ ಮುಗಿದಿರುತ್ತೆ. ಏನು ಬರೀಲಿ ಹೇಳಿ."

"ಯಾಕೆ ಮದುವೆ ಆಗ್ತಿದೀರಿ ಅಂತ ಬರೀರಿ."

"ಅದನ್ನ ಹೇಗ್ರೀ ಬರೆಯೋದು?"

"ಮೂವತ್ತೊಂದು ವರ್ಷ ಬರೆದವರಿಗೆ ಗೊತ್ತಿಲ್ಲದಿದ್ರೆ ಗುಂಡಿ ಹಚ್ಚೋವಳಿಗೆ ಏನು ಗೊತ್ತು? ತಮ್ಮನ ಮನೆ ವಿಳಾಸ ತಗೊಳ್ಳಿ. ಅಚ್ಚಾದರೆ ಅಲ್ಲಿಗೆ ಕಳಿಸಿ. ಓದಿ ನೋಡ್ತೀನಿ."

ಮಾರನೇ ದಿನ ಗಾಡಿ ಬಂತು, ಹೋಯಿತು. ಸಂಪಾದಕರು ಬೀದಿಯ ತುದಿಯಲ್ಲಿ ನಿಂತಿದ್ದರು. ಕೈ ಎತ್ತುವುದೋ ಬೇಡವೋ ಅಂತ ತೀರ್ಮಾನಿಸುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು.

ಆಮೇಲೆ ಬರೆಯಲು ಕೂತರು. ಹೊಡೆದು ಹಾಕಿದರು. ಮತ್ತೆ ಬರೆದರು. ಅವರ ಲೇಖನಿಗೆ ಒಂದು ಚಾಳಿ ಬಿದ್ದುಹೋಗಿತ್ತು: ಎಲ್ಲಿಂದ ಹೊರಟರೂ ಚಂದಾದಾರರ ಅನುಕೂಲಕ್ಕೇ ಹೋಗಿ ನಿಲ್ಲುತ್ತಿತ್ತು. 'ಗೃಹಸ್ಥಾಶ್ರಮದ ಪುನರಾರಂಭದಿಂದ ಸಂಪಾದಕೀಯಗಳು ಇನ್ನಷ್ಟು ಹರಿತವಾಗಲಿವೆ' ಎಂದು ಒಂದು ಸಲ. 'ಮುದ್ರಣದೋಷಗಳು ಕಡಿಮೆಯಾಗಲಿವೆ' ಎಂದು ಇನ್ನೊಂದು ಸಲ. ಓದಿ ಹೇಳಿದರೆ ಸರಿ ತಪ್ಪು ಅನ್ನಲು ಎದುರಿಗೆ ಯಾರೂ ಇಲ್ಲ. ಮೂರನೇ ದಿನ ಮಧ್ಯಾಹ್ನ, ಒಲೆಯ ಮುಂದೆ ಪಾತ್ರೆಯಿಂದಲೇ ನಿಂತು ಉಣ್ಣುತ್ತಿದ್ದವರು ತುತ್ತು ಅರ್ಧಕ್ಕೆ ಬಿಟ್ಟು ಬಂದು, ಎಡಗೈಯಲ್ಲಿ ಕಾಗದ ಒತ್ತಿಕೊಂಡು, ಬರೆದು ಮುಗಿಸಿದರು. ಪೆನ್ನಿಗೆ ಅನ್ನದ ಅಗುಳು ಹತ್ತಿತ್ತು.

'ಸಂಪಾದಕರಿಗೆ ಒಬ್ಬರೇ ನಿಂತು ಊಟ ಮಾಡಿ ಸಾಕಾಗಿದೆ. ಹೊಲಿಗೆಯವರು ಎದುರಿಗೆ ಕೂತರೆ ಇವರೂ ಕೂರುತ್ತಾರೆ. ಅವರು ಒಪ್ಪಿದರೆ ಮದುವೆ.'

'ಒಪ್ಪಿದರೆ' ಅನ್ನುವ ಮಾತು 'ನಮ್ಮ ಬಳಗ'ದಲ್ಲಿ ಹಿಂದೆಂದೂ ಬಂದಿರಲಿಲ್ಲ. ಪ್ರೆಸ್ಸಿನ ಯಜಮಾನರು, "ಇದು ಸುದ್ದಿನೋ ಅರ್ಜಿನೋ?" ಅಂತ ಕೇಳಿದರು. ಸಂಪಾದಕರು, "ಅಚ್ಚು ಹಾಕ್ರಿ," ಅಂದರು.

ಅಲ್ಲಿಂದ ಮುಂದೆ ಅವರು ಮನುಷ್ಯರ ಹಾಗೆ ಕೆಲಸ ಮಾಡಲಿಲ್ಲ. ಆಕೆಯ ಕೈಗೆ ಬೇಗ ಹೋಗಬೇಕು, ಆದರೆ ಆಕೆಯದೊಂದನ್ನೇ ಬೇರೆ ಕಳಿಸುವ ಹಾಗಿಲ್ಲ. 'ಎಲ್ಲರಿಗೂ ಬರೋ ಹಾಗೆ' ಅಂತ ಷರತ್ತಿತ್ತು. ಹಾಗಾಗಿ ಒಬ್ಬಳಿಗೋಸ್ಕರ ಸಾವಿರದ ನೂರ ನಲವತ್ತೂ ಮಡಚಿದರು, ಪಿನ್ನು ಹೊಡೆದರು, ಅಂಟಿಸಿದರು. ಒಂದನೇ ತಾರೀಖು ಬೆಳಿಗ್ಗೆ ಅಂಚೆ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಚೀಲದ ಮೇಲೆ ಕೂತಿದ್ದರು.

ಆರಕ್ಕೆ ಸಂಘದ ಅಧ್ಯಕ್ಷರ ಕಾಗದ ಬಂತು, ಮುದ್ರೆ ಸಮೇತ. "ಸಂಚಿಕೆ ನಾಲ್ಕಕ್ಕೇ ತಲುಪಿದೆ. ಸದರಿ ಹೆಂಗಸು ಇನ್ನೂ ಒಪ್ಪಿಲ್ಲವೆಂದು ಒಂಬತ್ತನೇ ಪುಟದಿಂದ ತಿಳಿಯಿತು. ಮದುವೆಯಿಂದ ಆಗಬೇಕಿದ್ದ ಅನುಕೂಲ ಮದುವೆಯಿಲ್ಲದೆಯೇ ಆಗಿರುವುದರಿಂದ, ಅದರ ಅಗತ್ಯ ಇನ್ನು ಕಂಡುಬರುವುದಿಲ್ಲವೆಂದು ಸಂಘದ ಅಭಿಪ್ರಾಯ." ಇದೇ ಧಾಟಿಯಲ್ಲಿ ಇನ್ನೂ ಇಪ್ಪತ್ತೆರಡು. ಒಬ್ಬರಂತೂ ಬ್ರಹ್ಮಚರ್ಯದ ಮಹಿಮೆಯ ಬಗ್ಗೆ ಲೇಖನವನ್ನೇ ಕಳಿಸಿದ್ದರು, ಪ್ರಕಟಣೆಗಾಗಿ.

ಎಲ್ಲದರ ಅಡಿಯಲ್ಲಿ ಒಂದು ಕಾರ್ಡು. ಅಕ್ಷರ ಹೊಲಿಗೆಯ ಹಾಗೇ, ಒತ್ತೊತ್ತಾಗಿ, ಸಮನಾಗಿ.

"ಪತ್ರಿಕೆ ಬಂತು. ಓದಿದೆ. ತಮ್ಮನಿಗೂ ಓದಿ ಹೇಳಿದೆ. ಅವನ ಗಾಡಿ ಭಾನುವಾರ ಬಿಡುವಾಗಿದೆ, ಬರುತ್ತೇನೆ. ಮಡಚೋದು, ಅಂಟಿಸೋದು ನೀವೊಬ್ಬರೇ ಇಷ್ಟು ಚೆನ್ನಾಗಿ ಮಾಡುತ್ತೀರಿ ಅಂತ ಈಗ ಊರಿಗೆಲ್ಲ ಗೊತ್ತಾಗಿದೆ. ಆ ಕೆಲಸ ನಿಮ್ಮ ಹತ್ತಿರವೇ ಇರಲಿ. ನನ್ನ ಯಂತ್ರಕ್ಕೆ ಕಿಟಕಿಯ ಬೆಳಕು ಬೇಕು. ನಿಮ್ಮ ಮೇಜು ಅಲ್ಲಿಂದ ತೆಗೆದಿಡಿ. ಕೂತು ಊಟ ಮಾಡಿ."

ಸಂಪಾದಕರು ಕಾರ್ಡನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಆಮೇಲೆ ಅಂಗಿ ತೋಳು ಮಡಚಿ, ಮೂವತ್ತೊಂದು ವರ್ಷದಿಂದ ಕಿಟಕಿಯ ಕೆಳಗೆ ಬೇರು ಬಿಟ್ಟಿದ್ದ ಮೇಜನ್ನು ಎಳೆಯತೊಡಗಿದರು. ಅಡುಗೆಮನೆಯಲ್ಲಿ ಗೋಡೆಗೆ ಒರಗಿಸಿ ಇಡೋಣ ಅಂತ ಯೋಚನೆ. ಅರ್ಧ ಹೋಯಿತು. ನಡುಬಾಗಿಲಲ್ಲಿ ಅಡ್ಡಡ್ಡ ಕಚ್ಚಿಕೊಂಡಿತು. ದೂಡಿದರೆ ಮುಂದೆ ಹೋಗದು, ಎಳೆದರೆ ಹಿಂದೆ ಬಾರದು. ಕೆಳಗೆ ನುಸುಳೋಣ ಅಂದರೆ ಡ್ರಾಯರುಗಳು, ಮೇಲೆ ಹತ್ತೋಣ ಅಂದರೆ ಅರವತ್ತನಾಲ್ಕು ವರ್ಷದ ಮಂಡಿ. ಒಲೆ, ಪಾತ್ರೆ, ನೀರಿನ ಕೊಡ ಎಲ್ಲ ಆ ಕಡೆ. ಸಂಪಾದಕರು ಈ ಕಡೆ.

ಆ ಕಡೆಯಿಂದ ಯಾರಾದರೂ ಒಬ್ಬರು ಒಂದಿಷ್ಟು ತಳ್ಳಿದ್ದರೆ ಸಲೀಸಾಗಿ ಬಂದುಬಿಡುತ್ತಿತ್ತು. ಆ ಕಡೆ ಯಾರೂ ಇರಲಿಲ್ಲ. ಭಾನುವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.